ಮನೆತನದಾಗ ಐತಿ

ಹೋದ ದೀಪಾವಳಿಗೆ ಸಂಶಿಗೆ ಹೋದಾಗ ಅಕ್ಕನ ಮಗ ಮೇಲಿನ ಖೋಲಿಯಿಂದ ಇಳಿದು ಬರಲಿಲ್ಲ. ಪಿಯುಸಿ ಮೊದಲ ವರ್ಷ. ಎರಡು ತಿಂಗಳಿಂದ ಕಾಲೇಜಿಲ್ಲ, ನಿದ್ದೆಯಿಲ್ಲ, ಮಾತಿಲ್ಲ.

ಅವ್ವ ದನಿ ತಗ್ಗಿಸಿ, “ನಿಮ್ಮ ಕಾಕಾಗೂ ಹಿಂಗ ಸುರು ಆಗಿತ್ತೋ. ನಮ್ಮ ಮನೆತನದಾಗ ಐತಿ. ಹೊರಗ ಹೇಳಬ್ಯಾಡ, ಇವನ ಅಕ್ಕನ ಲಗ್ನ ಆಗೂದೈತಿ” ಅಂದಳು. ಮಾವ ಮಾತ್ರ ಎಲ್ಲಾ ಮೊಬೈಲಿನಿಂದ ಅಂತ ಫೋನ್ ಕಸಿದಿಟ್ಟಿದ್ದರು.

ಬಗ್ ಬಂದರೆ ತಪ್ಪಿದ ಸಾಲು ಹುಡುಕುವುದು ನನ್ನ ಹೊಟ್ಟೆಪಾಡು. ಇಲ್ಲೂ ಹುಡುಕಿದೆ: ತಪ್ಪು ರಕ್ತದ್ದೋ, ಮೊಬೈಲಿನದ್ದೋ? ಓದುತ್ತ ಹೋದಂತೆ ನನ್ನ ಪ್ರಶ್ನೆಯೇ ತಪ್ಪು ಅನ್ನಿಸಿತು. ಸ್ಕಿಜೋಫ್ರೇನಿಯಾದಲ್ಲಿ ವಂಶದ ಪಾಲು ದೊಡ್ಡದು, ನಿಜ. ಆದರೂ ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೂ ಬರುವುದು ಅರ್ಧದಷ್ಟು ಸಲ, ಇಲ್ಲವೇ ಅದಕ್ಕಿಂತ ಕಡಿಮೆ. ಖಿನ್ನತೆಯಲ್ಲಿ ವಂಶದ ಪಾಲು ಇನ್ನೂ ಸಣ್ಣದು. ಅದೂ ಒಂದು ಜೀನ್‌ನ ಕೆಲಸವಲ್ಲ, ನೂರಾರು ಜೀನ್‌ಗಳು ಚೂರುಚೂರು ಸೇರಿದ್ದು. ಉಳಿದದ್ದು ಬದುಕಿನದು: ಕೆಟ್ಟ ನಿದ್ದೆ, ಹೊಡೆತ, ಅವಮಾನ, ಗಾಂಜಾ, ಒಂಟಿತನ. 2015-16ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರ ಪೈಕಿ ಶೇ. 7.3 ಮಂದಿಗೆ ಮಾನಸಿಕ ಕಾಯಿಲೆ ಕಂಡಿತ್ತು. ಹಳ್ಳಿಗಳಲ್ಲಿ ಅದು 6.9, ಮಹಾನಗರಗಳಲ್ಲಿ 13.5. ಬರೀ ರಕ್ತವೇ ಆಗಿದ್ದರೆ ಇಷ್ಟು ಅಂತರ ಯಾಕೆ?

ಕಾಕಾನನ್ನು ಧಾರವಾಡಕ್ಕೆ ಒಯ್ಯಲೇ ಇಲ್ಲ. “ಹುಚ್ಚರ ದವಾಖಾನಿ” ಅನ್ನುವ ನಾಚಿಕೆ. ಹಿತ್ತಲ ಖೋಲಿಯಲ್ಲೇ ಇಪ್ಪತ್ತು ವರ್ಷ ಕಳೆದ. ರಕ್ತ ಏನು ಮಾಡಿತೋ, ನಮ್ಮ ಮೌನವೂ ಅಷ್ಟೇ ಮಾಡಿತು.

ಈ ಸಲ ಹುಡುಗನನ್ನು ಡಿಮ್ಹಾನ್ಸ್‌ಗೆ ಕರಕೊಂಡು ಹೋದೆವು. ಮನೆಯಲ್ಲಿ ಬೇರೆ ಯಾರಿಗಾದರೂ ಇತ್ತಾ ಅಂತ ಡಾಕ್ಟರ್ ಕೇಳಿದರು. ಅವ್ವ ನೆಲ ನೋಡಿದಳು. ನಾನು ಕಾಕಾನ ಸುದ್ದಿ ಹೇಳಿದೆ. ಈಗಿರುವುದು ಖಿನ್ನತೆ, ಬೇಗ ಬಂದಿದ್ದೀರಿ, ನೋಡುತ್ತಿರೋಣ ಅಂದರು. ಅವ್ವ ಮುಚ್ಚಿಡಬೇಕು ಅಂದಿದ್ದ ಸುದ್ದಿಯೇ ಅಲ್ಲಿ ಉಪಯೋಗಕ್ಕೆ ಬಂತು.

ಅದೇ ರಕ್ತ ನನ್ನಲ್ಲೂ ಇದೆ, ನಾಲ್ಕು ವರ್ಷದ ನನ್ನ ಮಗಳಲ್ಲೂ. ಅದನ್ನು ತಿದ್ದಲಾರೆ. ಅವಳು ಬೆಳೆಯುವ ಮನೆಯನ್ನು ತಿದ್ದಬಲ್ಲೆ: ಹೊತ್ತಿಗೆ ನಿದ್ದೆ, ಮಾರ್ಕ್ಸ್ ಕೇಳುವ ಮೊದಲು ಊಟ ಆಯ್ತಾ ಅನ್ನುವ ಮಾತು. ನಿಮ್ಮ ಮನೆಯಲ್ಲೂ ಯಾರಾದರೂ ಬಾಗಿಲು ಹಾಕಿಕೊಂಡು ಕೂತಿದ್ದರೆ ಟೆಲಿ-ಮಾನಸ್ 14416ಕ್ಕೆ ಒಂದು ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಮೊನ್ನೆ ಅವ್ವನ ಫೋನ್: “ಇವತ್ತ ಕೆಳಗ ಬಂದು ಎರಡು ರೊಟ್ಟಿ ತಿಂದ. ಬಾಜೂ ಮನಿಯಾಕಿ ಏನಾಗಿತ್ತು ಅಂತ ಕೇಳಿದ್ಲು. ಧಾರವಾಡ ದವಾಖಾನಿಗೆ ತೋರಿಸೇವಿ ಅಂತ ಹೇಳೇಬಿಟ್ಟೆ. ತನ್ನ ಮಗಳಿಗೂ ತೋರಸಬೇಕಂತ, ಡಾಕ್ಟರ್ ಯಾವ ದಿನ ಇರ್ತಾರ?”