ಹಾರುವ ಮುನ್ನ ಒಂದು ಸುತ್ತು

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಕಳುಹಿಸಬೇಕೆಂದು ಸಂಪಾದಕ ಮಂಡಳಿಯ ಹಿರಿಯರು ಆದೇಶಿಸಿದ್ದಾರೆ. ಆಕಾಶದಲ್ಲಿ ಹಾರಾಡಿದ ಸೊಗಸನ್ನು ವರ್ಣಿಸಲೆಂಬುದು ಅವರ ಆಸೆಯಿರಬಹುದು. ಆ ಸೊಗಸು ನಿಜವೇ. ಆದರೂ ವಿಮಾನ ನಡೆಸಲು ಕಲಿತ ದಿನಗಳನ್ನು ನೆನೆದಾಗಲೆಲ್ಲ ನನಗೆ ಮೊದಲು ನೆನಪಾಗುವುದು, ಹಾರುವುದಕ್ಕೆ ಮುಂಚೆ ನೆಲದ ಮೇಲೆ ನಿಂತ ವಿಮಾನವನ್ನು ಸುತ್ತಿ, ಮುಟ್ಟಿ, ಪರೀಕ್ಷಿಸುವ ಆ ಇಪ್ಪತ್ತು ನಿಮಿಷಗಳು.

1956ರಲ್ಲಿ ರಾಜ್ಯಗಳು ವಿಂಗಡಣೆಯಾಗಿ ಕೊಳ್ಳೇಗಾಲ ಮೈಸೂರಿಗೆ ಸೇರಿದಾಗ ನಮ್ಮ ತಾಳವಾಡಿ ಈಚೆಗೇ ಉಳಿಯಿತು. ಶಾಲೆಯಲ್ಲಿ ಕನ್ನಡವೂ ಉಳಿಯಿತು. ಆ ಕನ್ನಡವನ್ನಷ್ಟೇ ಗಟ್ಟಿಯಾಗಿ ಕಲಿತಿದ್ದ ನಾನು ತೊಂಬತ್ತರ ದಶಕದ ಆರಂಭದಲ್ಲಿ ಬೆಂಗಳೂರಿನ ಜಕ್ಕೂರಿಗೆ ಹೋಗಿ ಸರ್ಕಾರಿ ವಿಮಾನ ತರಬೇತಿ ಶಾಲೆಯನ್ನು ಸೇರಿದೆ. ತಂದೆಯವರು ಎರಡು ಎಕರೆ ರಾಗಿಯ ಹೊಲವನ್ನು ಭೋಗ್ಯಕ್ಕೆ ಹಾಕಿ ಹಣ ಹೊಂದಿಸಿದ್ದರು. ಗಂಟೆಯ ಲೆಕ್ಕದಲ್ಲಿ ಶುಲ್ಕ ಕಟ್ಟಬೇಕಾದ ವಿದ್ಯೆ ಅದು. ಆಕಾಶದಲ್ಲಿ ಒಂದು ಸುತ್ತು ಹೆಚ್ಚಿಗೆ ಹಾಕಿದರೂ ಹೊಲದ ಬದುವೊಂದು ಕರಗಿದಂತೆ ನನಗೆ ಅನಿಸುತ್ತಿತ್ತು.

ನಾವು ಕಲಿತದ್ದು ಸೆಸ್ನಾ 152 ಎಂಬ ಎರಡು ಆಸನಗಳ ಪುಟ್ಟ ವಿಮಾನದಲ್ಲಿ. ಜನ, ಇಂಧನ ಎಲ್ಲ ಸೇರಿದರೂ ಅದರ ಗರಿಷ್ಠ ತೂಕ ಸುಮಾರು 757 ಕಿಲೋ. ಪರೀಕ್ಷೆಯ ಕ್ರಮವೆಲ್ಲ ಇಂಗ್ಲಿಷ್ ಕೈಪಿಡಿಯಲ್ಲಿತ್ತು. ಓದಿದರೆ ಪದಗಳು ತಿಳಿಯುತ್ತಿದ್ದವು, ಉದ್ದೇಶ ತಿಳಿಯುತ್ತಿರಲಿಲ್ಲ. ಅದನ್ನು ತಿಳಿಸಿಕೊಟ್ಟವರು ಅಲ್ಲಿನ ಹಿರಿಯ ಮೆಕ್ಯಾನಿಕ್ ಒಬ್ಬರು. 1958ರಲ್ಲಿ ಮೊದಲು ಹಾರಿದ, ಬೆಂಗಳೂರಿನ ಎಚ್.ಎ.ಎಲ್. ಕಾರ್ಖಾನೆಯ ‘ಪುಷ್ಪಕ್’ ವಿಮಾನಗಳ ಬಟ್ಟೆ ಹೊದಿಸಿದ ರೆಕ್ಕೆಗಳನ್ನು ತಟ್ಟಿ ನೋಡಿ ಪಳಗಿದ ಕೈ ಅವರದು. ಅವರು ಹೇಳಿದ್ದನ್ನೆಲ್ಲ ನಾನು ನೋಟ್ ಪುಸ್ತಕದಲ್ಲಿ ಕನ್ನಡದಲ್ಲಿಯೇ ಬರೆದುಕೊಂಡೆ. ‘ಇಲ್ಲಿ ಏನನ್ನು ನೋಡಬೇಕು’ ಎಂಬುದರ ಪಕ್ಕದಲ್ಲಿ ‘ನೋಡದಿದ್ದರೆ ಏನಾಗುತ್ತದೆ’ ಎಂದು ಇನ್ನೊಂದು ಸಾಲು. ಕೈಪಿಡಿಯಲ್ಲಿ ಈ ಎರಡನೆಯ ಸಾಲು ಇರಲಿಲ್ಲ.

ಮೊದಲು ಒಳಗೆ ಕೈ ಚಾಚಿ ಚುಕ್ಕಾಣಿಯ ಬೀಗವನ್ನು ತೆಗೆಯಬೇಕು. ಇಗ್ನಿಷನ್ ಕೀಲಿ ಬಂದ್ ಆಗಿದೆಯೆಂದು ಖಚಿತಪಡಿಸಿಕೊಳ್ಳಬೇಕು. ಬಳಿಕ ಎಡಬಾಗಿಲಿನಿಂದ ಬಾಲದ ಕಡೆಗೆ, ಅಲ್ಲಿಂದ ಬಲರೆಕ್ಕೆಗೆ, ಮೂತಿಗೆ, ಕೊನೆಗೆ ಎಡರೆಕ್ಕೆಗೆ. ಗಮನಿಸಿದರೆ ಇದು ಅಪ್ರದಕ್ಷಿಣೆ! ಹಾಗೆಂದು ನಾನು ನಕ್ಕಾಗ ಮೆಕ್ಯಾನಿಕ್ ಯಜಮಾನರು, “ದೇವರಲ್ಲಿ ತಪ್ಪು ಹುಡುಕಬಾರದು, ಅದಕ್ಕೆ ಪ್ರದಕ್ಷಿಣೆ. ಇಲ್ಲಿ ತಪ್ಪು ಹುಡುಕುವುದೇ ಕೆಲಸ” ಎಂದಿದ್ದರು.

ಬಾಲದಲ್ಲಿ ಕಟ್ಟಿದ ಹಗ್ಗ ಬಿಚ್ಚಿದೆಯೇ, ಚುಕ್ಕಾಣಿಯ ತಂತಿಗಳು ಬಿಗಿಯಾಗಿವೆಯೇ, ರೆಕ್ಕೆಯ ಅಂಚಿನ ಮಡಿಕೆಗಳ ಪಿನ್ನುಗಳು ಸ್ಥಾನದಲ್ಲಿವೆಯೇ ಎಂದು ನೋಡಬೇಕು. ಪ್ರೊಪೆಲ್ಲರಿನ ಅಂಚಿನ ಮೇಲೆ ಬೆರಳಾಡಿಸಬೇಕು. ಕಲ್ಲು ಸಿಡಿದು ಆದ ಸಣ್ಣ ಕಚ್ಚೊಂದು ಬಿರುಕಾಗಿ ಬೆಳೆಯಬಲ್ಲದು. ಅದನ್ನು ಮುಟ್ಟುವಾಗಲೂ ಅದರ ದಾರಿಯಲ್ಲಿ ನಿಲ್ಲುವಂತಿಲ್ಲ. ಇಂಜಿನ್ನಿನ ಮ್ಯಾಗ್ನೆಟೋಗೆ ಬ್ಯಾಟರಿಯ ಹಂಗಿಲ್ಲ. ದೋಷವಿದ್ದರೆ ಕೈಯಿಂದ ತಿರುಗಿಸಿದರೂ ಕಿಡಿ ಹಾರೀತು. ಇಂಧನದ ಮಟ್ಟವನ್ನು ಮುಳ್ಳು ತೋರಿಸುತ್ತದೆಯೆಂದು ನಂಬುವಂತಿಲ್ಲ. ಮೇಲೆ ಹತ್ತಿ, ಮುಚ್ಚಳ ತೆಗೆದು, ಕಡ್ಡಿ ಇಳಿಸಿಯೇ ಅಳೆಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ ರೆಕ್ಕೆಗಳ ಹಾಗೂ ಇಂಜಿನ್ನಿನ ತಳದ ಕಿಂಡಿಗಳಿಂದ ಸ್ವಲ್ಪ ಪೆಟ್ರೋಲನ್ನು ಪಾರದರ್ಶಕ ಬಟ್ಟಲಿಗೆ ಬಸಿದು ನೋಡಬೇಕು. ವಿಮಾನದ ಪೆಟ್ರೋಲಿಗೆ ತಿಳಿನೀಲಿ ಬಣ್ಣ ಹಾಕಿರುತ್ತಾರೆ. ನೀರು ಭಾರವಾದ್ದರಿಂದ ತಳದಲ್ಲಿ ಬಣ್ಣವಿಲ್ಲದ ಗುಳ್ಳೆಯಾಗಿ ಕೂರುತ್ತದೆ. ಬಟ್ಟಲು ಪೂರ್ತಿ ನೀರೇ ಆಗಿದ್ದರೆ? ಆಗ ಎಲ್ಲವೂ ಒಂದೇ ಸಮ ತಿಳಿಯಾಗಿ ಕಾಣುತ್ತದೆ; ಹೊಸಬರು ಮೋಸಹೋಗುವುದು ಅಲ್ಲಿಯೇ. ಅದಕ್ಕೇ ಬಿಳಿಯ ಹಿನ್ನೆಲೆಗೆ ಹಿಡಿದು ಬಣ್ಣ ನೋಡಬೇಕು, ಮೂಸಬೇಕು.

ಇದೆಲ್ಲ ಅತಿಯಾಯಿತೆಂದು ಓದುಗರಿಗೆ ತೋರಬಹುದು. 1935ರ ಅಕ್ಟೋಬರ್ 30ರಂದು ಅಮೆರಿಕದ ರೈಟ್ ಫೀಲ್ಡಿನಲ್ಲಿ ಬೋಯಿಂಗ್ ಸಂಸ್ಥೆಯ ನಾಲ್ಕು ಇಂಜಿನ್ನುಗಳ ಹೊಸ ವಿಮಾನ ಮೇಲೇರಿದೊಡನೆ ನೆಲಕ್ಕಪ್ಪಳಿಸಿತು. ನಡೆಸುತ್ತಿದ್ದವರು ನುರಿತವರು; ನಿಂತ ವಿಮಾನದ ಚುಕ್ಕಾಣಿ ಗಾಳಿಗೆ ಅಲುಗದಂತೆ ಹಾಕಿದ್ದ ಬೀಗವನ್ನು ತೆಗೆದಿರಲಿಲ್ಲ, ಅಷ್ಟೆ. ಮುದ್ರಿತ ಪರೀಕ್ಷಾ ಪಟ್ಟಿ ಬಳಕೆಗೆ ಬಂದದ್ದು ಆ ದುರಂತದ ಬಳಿಕವೇ. ನಾನು ಕಲಿತು ಹೊರಬಂದ ಮೇಲೆ, 1996ರ ಫೆಬ್ರವರಿಯಲ್ಲಿ, ಡೊಮಿನಿಕನ್ ಗಣರಾಜ್ಯದಿಂದ ಹೊರಟ ದೊಡ್ಡ ವಿಮಾನವೊಂದು ಸಮುದ್ರಕ್ಕೆ ಬಿದ್ದು 189 ಜನ ತೀರಿಕೊಂಡರು. ವೇಗ ಅಳೆಯುವ ಪಿಟೋ ನಳಿಕೆ ಕಟ್ಟಿಕೊಂಡಿತ್ತು. ಹಲವು ದಿನ ಮುಚ್ಚಳವಿಲ್ಲದೆ ನಿಂತಿದ್ದ ವಿಮಾನದ ಆ ನಳಿಕೆಯಲ್ಲಿ ಕೀಟ ಗೂಡು ಕಟ್ಟಿರಬೇಕೆಂದು ಶಂಕಿಸಲಾಯಿತು. ನಮ್ಮೂರ ಜಂತಿಗಳಲ್ಲಿ, ಬೀಗದ ಕಿಂಡಿಗಳಲ್ಲಿ ಮಣ್ಣಿನ ಮನೆ ಕಟ್ಟುವ ಕುಂಬಾರ ಹುಳುವನ್ನು ಕಂಡವರಿಗೆ ಇದು ಆಶ್ಚರ್ಯವೆನಿಸದು.

ನೋಡಿ ಹೊರಡುವುದು ನಮ್ಮ ಬೆಟ್ಟದ ಜನಕ್ಕೆ ಹೊಸದೂ ಅಲ್ಲ. ದಿಂಬಂ ಘಾಟಿಯ 27 ತಿರುವುಗಳನ್ನು ಇಳಿಯುವ ಮೊದಲು ಲಾರಿ ಚಾಲಕರು ಚಕ್ರಗಳನ್ನು ಕಬ್ಬಿಣದ ಸಲಾಕೆಯಿಂದ ತಟ್ಟಿ ಸದ್ದು ಕೇಳುವುದನ್ನು ನಾವೆಲ್ಲ ನೋಡಿದ್ದೇವೆ. ನಮ್ಮ ತಂದೆಯವರೂ ಗಾಡಿ ಹೂಡುವ ಮುಂಚೆ ಕಡಾಣಿಯನ್ನು ಅಲುಗಿಸಿ, ಕೀಲೆಣ್ಣೆ ಇದೆಯೇ ಎಂದು ನೋಡದೆ ನೊಗ ಎತ್ತಿದವರಲ್ಲ.

ಒಂದು ಪ್ರಸಂಗ ಹೇಳಬೇಕು. ದೂರಹಾರಾಟದ ಅಭ್ಯಾಸಕ್ಕೆಂದು ಶಿಕ್ಷಕರೊಡನೆ ಹೋಗಿ ಬೇರೊಂದು ಊರಿನಲ್ಲಿ ರಾತ್ರಿ ತಂಗಿದ್ದೆವು. ವಿಮಾನ ಬಯಲಿನಲ್ಲಿತ್ತು, ರಾತ್ರಿಯಿಡೀ ಮಳೆ. ಬೆಳಿಗ್ಗೆ ಬಲರೆಕ್ಕೆಯಿಂದ ಬಸಿದ ಬಟ್ಟಲಿನ ತಳದಲ್ಲಿ ಹುಣಿಸೆಬೀಜದಷ್ಟು ನೀರು ಕಂಡಿತು. ಚೆಲ್ಲಿ ಮತ್ತೆ ಬಸಿದೆ, ಮತ್ತೆ ನೀರು. ಮೂರನೆಯ ಬಾರಿ ಶುದ್ಧ ನೀಲಿ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ರೆಕ್ಕೆಯನ್ನು ಮೆಲ್ಲಗೆ ಅಲುಗಿಸಿ, ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ ಬಸಿದೆ. ಗುಳ್ಳೆ ಮತ್ತೆ ಬಂದಿತು. ಒಳಗೆ ಇನ್ನೆಷ್ಟಿದೆಯೋ ತಿಳಿಯುವಂತಿರಲಿಲ್ಲ.

ಅಂದು ಮಧ್ಯಾಹ್ನ ಶಿಕ್ಷಕರ ಹತ್ತಿರದ ಬಂಧುಗಳ ಮನೆಯಲ್ಲಿ ಮದುವೆಯ ಮುಹೂರ್ತ. ನನಗೋ ಇನ್ನೊಂದು ರಾತ್ರಿಯ ವಸತಿ ಖರ್ಚು, ಮರುದಿನದ ಸರದಿ ತಪ್ಪುವ ಚಿಂತೆ. ಬಟ್ಟಲನ್ನು ಅವರ ಮುಂದೆ ಹಿಡಿದೆ. ಅವರು ನೋಡಿದರು. “ಇವತ್ತು ವಿಮಾನದ ಯಜಮಾನ ನೀವು. ಏನು ಮಾಡೋಣ?” ಎಂದರು. ಗುರುಗಳ ಮನೆಯ ಶುಭಕಾರ್ಯಕ್ಕೆ ಅಡ್ಡಿಯಾಗುವ ಮಾತನ್ನು ಆಡಲು ನಾಲಗೆ ತಡವರಿಸಿತು. “ಬೇಡ ಸರ್, ಟ್ಯಾಂಕು ಪೂರ್ತಿ ಬಸಿಯಲಿ” ಎಂದೆ. ಅವರು ಮರುಮಾತಾಡದೆ ತಂತಿ ಕೊಡಲು ಅಂಚೆ ಕಚೇರಿಗೆ ಹೊರಟರು. ಟ್ಯಾಂಕು ಬಸಿದು, ಒಣಗಿಸಿ, ತುಂಬುವಷ್ಟರಲ್ಲಿ ಸಂಜೆಯಾಯಿತು. ಮುಚ್ಚಳದ ರಬ್ಬರ್ ಉಂಗುರ ಸೀಳಿದ್ದು ಆಗ ಕಂಡಿತು. ಮರುದಿನ ಬೆಳಿಗ್ಗೆ ಮೂರು ಬಟ್ಟಲೂ ನೀಲಿ; ಏಳು ಗಂಟೆಗೆಲ್ಲ ಹೊರಟೆವು.

ಮುಂದೆ ಊರಿಗೆ ಬಂದಾಗ ತಂದೆಯವರಿಗೆ ಇದನ್ನು ವಿವರಿಸಿದೆ. ಹೋದ ಹಣದ ಮಾತನ್ನೇ ಅವರು ಎತ್ತಲಿಲ್ಲ. “ನಮ್ಮ ಸೀಮೆಎಣ್ಣೆ ಡಬ್ಬದಲ್ಲೂ ತಳದಲ್ಲಿ ನೀರು ಹಂಗೇ ಕೂತಿರ್ತದೆ ಕಣಪ್ಪ, ಸ್ಟೌ ಪಟಪಟ ಅಂತದಲ್ಲ” ಎಂದು ಹೇಳಿ, ಗಾಡಿ ಹೂಡಲು ಎದ್ದರು.