ಹಿತ್ತಲಿನ ಊಟಗಾರರು

ಧನುರ್ಮಾಸ ಬಂತೆಂದರೆ ನಮ್ಮ ಮನೆಯಲ್ಲಿ ಎರಡು ಪಂಕ್ತಿ. ಒಳಗಿನ ಪಂಕ್ತಿಗೆ ಹಿತಕಿದವರೆ ಸಾರು, ಹಿತ್ತಲಿನ ತೊಟ್ಟಿಯ ಪಂಕ್ತಿಗೆ ಅದರ ಸಿಪ್ಪೆ. ನೆನೆಸಿ ಹಿತಕಿದ ಕಾಳಿನ ಆ ತೆಳು ಸಿಪ್ಪೆಯನ್ನು ಎರೆಹುಳುಗಳು ಮುಗಿಸುವ ಪರಿ ನೋಡಿದರೆ, ಸೊಗಡಿನ ಅವರೆಗೆ ಮರುಳಾಗುವುದು ಮೈಸೂರು ಸೀಮೆಯ ಮನುಷ್ಯರು ಮಾತ್ರ ಅಲ್ಲ ಅನ್ನಿಸುತ್ತದೆ.

ಆದರೆ ಇವು ಆತುರದ ಊಟಗಾರರಲ್ಲ. ಬಾಯಲ್ಲಿ ಹಲ್ಲಿಲ್ಲ. ಹಾಕಿದ್ದು ಮೊದಲು ಬೂಷ್ಟು ಹಿಡಿದು ಮೆತ್ತಗಾಗಬೇಕು. ಆಮೇಲೆ ನುಂಗಿ, ಹೊಟ್ಟೆಯೊಳಗಿನ ಗಟ್ಟಿ ಚೀಲದಲ್ಲಿ ಮರಳಿನ ಕಣಗಳ ಜೊತೆ ಅರೆದುಕೊಳ್ಳುತ್ತವೆ. ಹಸಿ ಸಗಣಿ ಆಗದು, ಕಳಿಯುವಾಗ ಕಾವೇರುತ್ತದೆ, ಹಳೆಯದಾಗಿ ತಣಿದಿರಬೇಕು. ನಿಂಬೆಹೋಳು, ಹಸಿಮೆಣಸಿನಕಾಯಿ, ಒಗ್ಗರಣೆಯ ಜಿಡ್ಡು, ಉಪ್ಪಿನಕಾಯಿ ಎಲ್ಲ ವರ್ಜ್ಯ. ಉಪ್ಪಂತೂ ವಿಷವೇ. ಚರ್ಮದಿಂದಲೇ ಉಸಿರಾಡುವ ಪ್ರಾಣಿ, ಮೈಯ ತೇವ ಹೋದರೆ ಜೀವವೂ ಹೋಯಿತು. ಈ ಪಥ್ಯವನ್ನೆಲ್ಲ ಕೇಳಿಸಿಕೊಂಡ ಅಮ್ಮ, “ನನಗೂ ಉಪ್ಪು, ಖಾರ, ಎಣ್ಣೆ ಬೇಡ ಅಂದಿದಾರೆ ಡಾಕ್ಟ್ರು. ಇಬ್ಬರಿಗೂ ಒಂದೇ ಅಡುಗೆ ಮಾಡಿಬಿಡು” ಅಂದರು.

ಗೊಬ್ಬರಕ್ಕಾಗಿ ಹುಳು ಸಾಕಿದ್ದೇನೆ ಅನ್ನುವುದು ಮನೆಯವರಿಗೆ ಕೊಡುವ ಲೆಕ್ಕ. ಗೊಬ್ಬರ ಅಂಗಡಿಯಲ್ಲಿ ಸಿಗುತ್ತದೆ. ಒದ್ದೆ ಗೋಣಿತಾಟನ್ನು ಮೆಲ್ಲಗೆ ಎತ್ತಿ ನೋಡುವ ಸುಖ ಎಲ್ಲಿ ಸಿಗಬೇಕು? ಕಪ್ಪಾದ ಬಾಳೆಸಿಪ್ಪೆಯನ್ನು ಮಗುಚಿದರೆ ಅಡಿಯಲ್ಲಿ ಒಂದು ದೊಡ್ಡ ಸಂಸಾರ. ಬೆಳಕು ತಾಗಿದ್ದೇ ತಡ, ಒಂದೊಂದೂ ಮೈ ಕುಗ್ಗಿಸಿ, ಹಿಗ್ಗಿಸಿ ಕತ್ತಲಿಗೆ ಜಾರುತ್ತದೆ. ಆಫ್ರಿಕಾದಿಂದ ಬಂದ ಯೂಡ್ರಿಲಸ್ ಜಾತಿಯದಾದರೆ ಬೆನ್ನ ಮೇಲೆ ನೇರಳೆ ಹೊಳಪು. ಕಣ್ಣು ಚುರುಕಿದ್ದವರಿಗೆ ಗೊಬ್ಬರದ ಕಾಳುಗಳ ನಡುವೆ ಪುಟ್ಟ ಕಂದು ತತ್ತಿಕೋಶಗಳೂ ಕಾಣುತ್ತವೆ. ಒಂದೇ ಹುಳುವಿನಲ್ಲಿ ಗಂಡೂ ಹೆಣ್ಣೂ ಇದ್ದರೂ ತತ್ತಿಯಾಗಲು ಸಾಮಾನ್ಯವಾಗಿ ಜೋಡಿ ಬೇಕೇ ಬೇಕು.

ಈ ಚಟಕ್ಕೆ ದೊಡ್ಡವರ ಬೆಂಬಲವಿದೆ. ಡಾರ್ವಿನ್ ಬರೆದ ಕೊನೆಯ ಪುಸ್ತಕ, 1881ರದ್ದು, ಎರೆಹುಳುಗಳನ್ನು ಕುರಿತದ್ದು. ಕುಂಡಗಳಲ್ಲಿ ಹುಳು ಸಾಕಿ, ಮಗನ ಕೈಲಿ ಬಸೂನ್ ಊದಿಸಿ, ಪಿಯಾನೊ ಬಾರಿಸಿ ನೋಡಿದ. ಒಂದೂ ಕದಲಲಿಲ್ಲ. ಕುಂಡವನ್ನು ಪಿಯಾನೊದ ಮೇಲೆಯೇ ಇಟ್ಟು ಸ್ವರ ಒತ್ತಿದಾಗ ಮಾತ್ರ ಬಿಲಕ್ಕೆ ಓಡಿದವು. ಕಿವಿ ಇಲ್ಲ, ಅದುರು ತಿಳಿಯುತ್ತದೆ. ನಮ್ಮಲ್ಲಿ ಸಂಗೀತದ ಅನುಕೂಲವಿಲ್ಲ; ತೊಟ್ಟಿಯ ಪಕ್ಕದ ವಾಷಿಂಗ್ ಮಷೀನು ಬಟ್ಟೆ ಹಿಂಡಲು ಶುರು ಮಾಡಿದಾಗ ಮೇಲಿದ್ದ ಹುಳುಗಳು ಕೆಳಗಿಳಿಯುತ್ತವೆ.

ಗೊಬ್ಬರ ತೆಗೆಯುವ ಕೆಲಸ ಸೋಮಾರಿಗಳಿಗೆಂದೇ ಇದೆ. ಕೆಲವು ದಿನ ನೀರು ಚಿಮುಕಿಸುವುದನ್ನು ನಿಲ್ಲಿಸಿ, ಬೆಳಕಿನಲ್ಲಿ ಗೋಪುರವಾಗಿ ಗುಡ್ಡೆ ಹಾಕಿದರೆ ಹುಳುಗಳೆಲ್ಲ ತಳ ಸೇರುತ್ತವೆ. ಮೇಲಿನಿಂದ ಬಳಿದು ಜರಡಿ ಹಿಡಿದರಾಯಿತು: ಕಪ್ಪಗೆ, ಹರಳುಹರಳಾಗಿ, ಮೊದಲ ಮಳೆಯ ವಾಸನೆಯ ಗೊಬ್ಬರ. ಮಲ್ಲಿಗೆ ಬುಡಕ್ಕೆ ಒಂದೊಂದು ಹಿಡಿ, ಕರಿಬೇವಿಗೆ ಇನ್ನೊಂದಿಷ್ಟು ಧಾರಾಳ. ಹುಳುಗಳನ್ನೂ ಗಿಡದ ಬುಡಕ್ಕೆ ಬಿಡಿ ಅನ್ನುವವರಿದ್ದಾರೆ, ನಾನು ಬಿಡುವುದಿಲ್ಲ. ತೊಟ್ಟಿಯವು ಕಸ ತಿಂದು ಮೇಲ್ಮೇಲೇ ಬದುಕುವ ಜಾತಿ, ಮಣ್ಣು ಅಗೆಯುವುದು ಇವುಗಳ ಕಸುಬಲ್ಲ. ಅದಕ್ಕೆ ನೆಲದಲ್ಲೇ ಹುಟ್ಟಿ ಬೆಳೆದ ನಾಡಹುಳುಗಳಿವೆ. ಗೊಬ್ಬರ, ತರಗೆಲೆಯ ಮುಚ್ಚಿಗೆ, ತೇವ ಇಷ್ಟಿದ್ದರೆ ಅವು ಕರೆಯದೆಯೇ ಬರುತ್ತವೆ.

ಪಕ್ಕದ ಮನೆಯವರು ಮೊನ್ನೆ ಕಾಂಪೌಂಡಿನಾಚೆಯಿಂದ ಮೊಸರಿಗೆ ಹೆಪ್ಪು ಕೇಳುವ ಹಾಗೆ ಕೇಳಿದರು: “ಒಂದು ಹಿಡಿ ಹುಳ ಕೊಡ್ತೀರಾ?” ತಣಿದ ಸಗಣಿಯ ಸಮೇತ ಸ್ಟೀಲ್ ಡಬ್ಬಿಯಲ್ಲಿ ಕೊಟ್ಟೆ. ಖಾಲಿ ಡಬ್ಬಿ ವಾಪಸು ಕೊಡುವುದುಂಟೇ? ತುಂಬಾ ಕೋಡುಬಳೆ ಬಂತು. ಕೈಹಾಕಲು ಹೋದವನನ್ನು ಅಮ್ಮ ತಡೆದರು.

“ಡಬ್ಬಿ ತೊಳೆದಿದ್ರಾ ಕೇಳು ಮೊದಲು.”