ಪೊರಕೆ ಹಿಡಿದವರ ವಿಶ್ವಕಪ್!

ನಗಬೇಡಿ ಮಿತ್ರರೇ, ಮೊದಲು ನಕ್ಕವನು ನಾನೇ! ಹೋದ ತಿಂಗಳು ಬಂಗಾರಪೇಟೆಯಲ್ಲಿ ಪಾನಿಪುರಿ ಗಾಡಿ ಮುಂದೆ ನಿಂತಿದ್ದೆ. ನಮ್ಮೂರ ಪಾನಿ ಗೊತ್ತಲ್ಲ, ನೋಡಿದರೆ ಬರೀ ನೀರು, ಬಾಯಿಗಿಟ್ಟರೆ ಬೆಂಕಿ! ಅಕ್ಕನ ಮಗ ಮೊಬೈಲು ಕಣ್ಣೆದುರು ಹಿಡಿದ. ಕಾಲುಗಳ ನಡುವೆ ಕೋಲು ಸಿಗಿಸಿಕೊಂಡ ಗಂಡುಹೆಣ್ಣುಗಳು ಮೈದಾನದ ತುಂಬಾ ಓಡ್ತಿದಾರೆ, ಒಬ್ಬರ ಮೇಲೊಬ್ಬರು ಬೀಳ್ತಿದಾರೆ.

‘ಇದೇನೋ, ನರಸಿಂಹರಾಜು ಕಾಮಿಡೀನಾ?’ ಅಂದೆ.

‘ಅಲ್ಲ ಮಾಮ, ವಿಶ್ವಕಪ್ಪು!’

ಪೂರಿ ಗಂಟಲಲ್ಲೇ ನಿಂತಿತು.

2001ರಲ್ಲಿ ಬಂದ ಮೊದಲ ಹ್ಯಾರಿ ಪಾಟರ್ ಚಿತ್ರ ನೋಡಿದವರಿಗೆ ಗೊತ್ತು, ಅದರಲ್ಲಿ ಹುಡುಗರು ಪೊರಕೆ ಏರಿ ಆಕಾಶದಲ್ಲಿ ಆಡುವ ‘ಕ್ವಿಡಿಚ್’. ಬರೀ ಕಾದಂಬರಿಯ ಕಲ್ಪನೆ. 2005ರಲ್ಲಿ ಅಮೆರಿಕದ ಮಿಡಲ್‌ಬರಿ ಕಾಲೇಜಿನ ಹುಡುಗರು ಅದನ್ನು ನೆಲದ ಮೇಲೇ ಆಡಿಬಿಟ್ಟರು! ಹಾರೋಕೆ ಆಗಲ್ಲ, ಓಡೋಕೆ ಆಗುತ್ತಲ್ಲ?

ತಂಡದಲ್ಲಿ ಏಳು ಸ್ಥಾನ. ಎರಡೂ ಕಡೆ ಮೂರು ಮೂರು ಬಳೆ ನೆಟ್ಟಿರ್ತಾರೆ. ಸ್ವಲ್ಪ ಗಾಳಿ ಬಿಟ್ಟ ವಾಲಿಬಾಲನ್ನು ಒಂದು ಬಳೆಯೊಳಗೆ ತೂರಿಸಿದರೆ ಹತ್ತು ಅಂಕ. ಎದುರಾಳಿ ಎಸೆದ ಬೇರೆ ಚೆಂಡು ತಗುಲಿದರೆ ಕೋಲಿನಿಂದಿಳಿದು, ವಾಪಸ್ಸು ಓಡಿ, ತಮ್ಮ ಬಳೆ ಮುಟ್ಟಿ ಬರಬೇಕು. ಚಿತ್ರದಲ್ಲಿ ರೆಕ್ಕೆ ಬಡಿಯೋ ಚಿನ್ನದ ಚೆಂಡಿದೆಯಲ್ಲ, ಇಲ್ಲಿ ಅದು ಕಾಲುಚೀಲದಲ್ಲಿಟ್ಟ ಟೆನಿಸ್ ಚೆಂಡು! ಯಾವ ತಂಡಕ್ಕೂ ಸೇರದ ಒಬ್ಬ ಅದನ್ನು ಚಡ್ಡಿಯ ಹಿಂದೆ ಬಾಲದಂತೆ ನೇತುಹಾಕಿಕೊಂಡು ತಪ್ಪಿಸಿಕೊಳ್ಳುತ್ತಾನೆ. ಒಂದೇ ಲಿಂಗದ ಎಷ್ಟು ಜನ ಒಮ್ಮೆಲೇ ಕಣದಲ್ಲಿ ಇರಬಹುದು ಅನ್ನೋದಕ್ಕೆ ಮಿತಿ ಹಾಕೋ ನಿಯಮ. ಹಾಗಾಗಿ ಆರಡಿ ಗಂಡಸನ್ನು ಹುಡುಗಿಯೊಬ್ಬಳು ಸೊಂಟ ಹಿಡಿದು ಕೆಡವಿದ್ದನ್ನೂ ಕಂಡೆ. ಅಲ್ಲಿಗೆ ನನ್ನ ನಗು ಅರ್ಧ ಇಳಿಯಿತು.

2012ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಐದೇ ದೇಶ ಸೇರಿದ್ದವಂತೆ. 2016ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಇಪ್ಪತ್ತೊಂದು! ಅಲ್ಲಿ ಆಸ್ಟ್ರೇಲಿಯಾ 150-130ರಿಂದ ಅಮೆರಿಕವನ್ನೇ ಸೋಲಿಸಿತು. ನಾನು ನೋಡಿದ್ದು 2018ರ ಫ್ಲಾರೆನ್ಸ್ ಫೈನಲ್. ಬೆಲ್ಜಿಯಂ ವಿರುದ್ಧ ಅಮೆರಿಕಕ್ಕೆ 120-70ರ ಗೆಲುವು. (ಅದೇ ವರ್ಷ ಡಿಸೆಂಬರಿನಲ್ಲಿ ನಮ್ಮ ಸೈನೈಡ್ ಗುಡ್ಡ ಯಶ್ ಚಿತ್ರದಲ್ಲಿ ದೇಶವೆಲ್ಲ ಮೆರೆಯಿತು, ಅದು ಬೇರೆ ಮಾತು!) 2022ರಲ್ಲಿ ಆಟದ ಹೆಸರೇ ‘ಕ್ವಾಡ್‌ಬಾಲ್’ ಆಯಿತು. ಹಳೇ ಹೆಸರಿನ ಹಕ್ಕು ವಾರ್ನರ್ ಬ್ರದರ್ಸ್ ಚಿತ್ರಸಂಸ್ಥೆಯದು. ಜೊತೆಗೆ ಲೇಖಕಿ ರೌಲಿಂಗ್ ಲಿಂಗಾಂತರಿಗಳ ಬಗ್ಗೆ ಆಡಿದ ಮಾತುಗಳನ್ನು ಆಟದ ಸಂಘಗಳು ಒಪ್ಪಲಿಲ್ಲ. ಅಭಿಮಾನಿಗಳೇ ಕಟ್ಟಿದ ಆಟ, ಆರಾಧ್ಯದೇವತೆಯನ್ನೇ ಬಿಟ್ಟು ನಡೆಯಿತು ನೋಡಿ! ನಮ್ಮಲ್ಲಿ ಯಾವ ಅಭಿಮಾನಿ ಸಂಘ ಹೀಗೆ ಮಾಡೀತು?

‘ಚಿಕ್ಕವರಿದ್ದಾಗ ನೀವು ಸಿನಿಮಾ ನೋಡಿ ಆಟ ಆಡಿಲ್ವಾ ಮಾಮ?’ ಅಂದ ಹುಡುಗ.

ಆಡಿದ್ದೆ. 1978. ಭಾನುವಾರ ಮಾರಿಕುಪ್ಪಂ ರೈಲು ಹತ್ತಿ ಚಾಂಪಿಯನ್ ನಿಲ್ದಾಣದಲ್ಲಿ ಇಳಿದರೆ ಗೆಳೆಯ ಕಾಯ್ತಿರ್ತಿದ್ದ. ಅವನಪ್ಪ ಗಣಿಯಲ್ಲಿ, ನೆಲದ ಕೆಳಗಿನ ಕೆಲಸಗಾರ. ಅವರದು ಲೈನ್ ಮನೆ, ತಮಿಳು ಮಾತು. ಸೈನೈಡ್ ಗುಡ್ಡದ ಬುಡದಲ್ಲಿ ಎರಡು ಸೈನ್ಯ. ನಮ್ಮದು ‘ಮಯೂರ’ ಚಿತ್ರದ ರಾಜಣ್ಣನ ಸೈನ್ಯ, ಅವರದು ‘ನಾಡೋಡಿ ಮನ್ನನ್’ ಎಂ.ಜಿ.ಆರ್. ಸೈನ್ಯ. ಕತ್ತಿಗೆ ಸರ್ವೆ ಕೋಲು. ಎದುರಾಳಿಯ ಟವಲು ಕಿತ್ತರೆ ಗೆಲುವು. ಇಷ್ಟೇ ನಿಯಮ. ಆ ದಿನ ಗೆಳೆಯ ನನ್ನ ಟವಲು ಕಿತ್ತ. ಸೋತಿದ್ದೆ. ಎಲ್ಲರೂ ‘ವಾದ್ಯಾರ್’ ಅಂತ ಕೂಗಿದರು. ರಾಜಣ್ಣ ಸೋಲೋದುಂಟೇ? ಆಟ ಮುಗಿದ ಮೇಲೆ, ಅವನು ನಗ್ತಾ ತಿರುಗುವಾಗ ಬೀಸಿದೆ. ಹುಬ್ಬು ಸೀಳಿತು. ಬಿಳೀ ಮಣ್ಣಿನ ಮೇಲೆ ರಕ್ತ ಎಷ್ಟು ಕೆಂಪಗೆ ಕಾಣುತ್ತೆ ಗೊತ್ತಾ? ನಾನು ನಿಲ್ದಾಣದ ಕಡೆ ಓಡಿದೆ. ಮತ್ತೆ ಆ ಕಡೆ ಹೋಗಲಿಲ್ಲ.

ಮುಂದೆ ಅವನೂ ಗಣಿಗೆ ಇಳಿದ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದಾಗ ಸಾವಿರಾರು ಜನರಂತೆ ಹೊರಬಿದ್ದ. ಬೆಂಗಳೂರಿನಲ್ಲಿ ಸೆಕ್ಯುರಿಟಿ ಕೆಲಸ ಹಿಡಿದು ದಿನಾ ರೈಲಿನಲ್ಲಿ ಓಡಾಡ್ತಾನೆ. ಇಷ್ಟೂ ಬೇರೆಯವರ ಬಾಯಲ್ಲಿ ಕೇಳಿದ್ದು. ಅದೇ ರೈಲು ಬಂಗಾರಪೇಟೆಯಲ್ಲೂ ನಿಲ್ಲುತ್ತೆ. ಎಷ್ಟೋ ಸಲ ದೂರದಿಂದ ಕಂಡು ಕಂಬದ ಮರೆಗೆ ಸರಿದಿದ್ದೇನೆ.

ಪಾನಿಪುರಿ ತಿಂದ ಮರುದಿನ ಬೆಳಗ್ಗೆ ಸರಿಯಲಿಲ್ಲ. ಬೋಗಿ ಹತ್ತಿ ಅವನ ಎದುರೇ ಕೂತೆ. ತಲೆ ಬೆಳ್ಳಗಾಗಿದೆ, ಹುಬ್ಬಿನ ಮಧ್ಯೆ ಕೂದಲಿಲ್ಲದ ಗೆರೆ. ಕ್ಷಮೆ ಕೇಳೋಕೆ ಬಾಯಿ ಬರಲಿಲ್ಲ ಮಿತ್ರರೇ, ಪೆದ್ದನಂತೆ ಮೊಬೈಲು ತೆಗೆದು ಆ ಫೈನಲ್ ತೋರಿಸಿದೆ. ಟೇಕಲ್ ದಾಟುವವರೆಗೂ ಅವನು ಮಾತಾಡಲಿಲ್ಲ.

‘ಸಿನಿಮಾ ನೋಡಿ ಶುರು ಮಾಡಿದ ಆಟಾನಾ ಇದು?’

‘ಹೂಂ.’

‘ರೆಫ್ರಿ ಇದಾನಾ?’

‘ಒಬ್ಬ ಅಲ್ಲ, ನಾಲ್ಕೈದು ಜನ.’

ಅವನು ಹುಬ್ಬು ಸವರಿಕೊಂಡ. ‘ನಮಗೆ ಒಬ್ಬನೂ ಇರಲಿಲ್ವಲ್ಲಪ್ಪಾ’ ಅಂದ. ಆಮೇಲೆ ಡಬ್ಬಿ ಮುಚ್ಚಳ ತೆಗೆದು, ಒಂದು ಇಡ್ಲಿ ಅದರ ಮೇಲಿಟ್ಟು ನನ್ನ ಕಡೆ ತಳ್ಳಿದ.